ಎರಡು, ಮೂರು, ಒಂದು ತಿರುಗುಕುರ್ಚಿ

ನವನೀತನ್‌ಗೆ ಅಂದು ಹೊಟ್ಟೆಯುರಿ ಹತ್ತಿಕೊಂಡದ್ದು ಬೆಳಿಗ್ಗೆ ಸರಿಯಾಗಿ ಒಂಬತ್ತೂವರೆಗೆ. ಆ ಉರಿಗೆ ಒಂದು ಕೊಪ್ಪರಿಗೆ ಇಟ್ಟಿದ್ದರೆ ಸಿರುಮುಗೈ ಊರಿನ ಮದುವೆಗಳಿಗೆಲ್ಲ ಒಂದೇ ಏಟಿಗೆ ಸಾಂಬಾರು ಕುದಿಸಬಹುದಿತ್ತು. ಉತ್ಪ್ರೇಕ್ಷೆ ಎನ್ನುವವರು ಭವಾನಿ ಹೊಳೆಯನ್ನು ಕೇಳಲಿ, ಆ ದಿನ ಅದೂ ಸ್ವಲ್ಪ ಬೆಚ್ಚಗಿತ್ತು.

ಕಾರಣ ಕಾರ್ಖಾನೆಯ ಹಳೆಯ ನೇಕಾರ್ತಿ, ಎಲ್ಲರೂ ಅತ್ತೆ ಎನ್ನುವ ಶಿವಗಾಮಿಯ ಒಂದು ಮಾತು.

"ಮೋಹನ್‌ರಾಜ್ ಹೇಳ್ತಾನೆ, ಮೂರು ಇರೋವಾಗ ಎರಡು ಯಾಕೆ ಅಂತ," ಎಂದಳು ಅತ್ತೆ, ಗ್ರಾಫ್ ಕಾಗದ ಮಡಚುತ್ತ. "ನನಗೇನು ತಿಳೀತದೆ ತಂಬಿ. ಕಿವಿಗೆ ಬಿತ್ತು, ಹೇಳಿದೆ."

ಮಾಲೀಕ ಧನಪಾಲ್ ಮೊದಲಾಳಿಯ ಸೀರೆ ಕಾರ್ಖಾನೆಯಲ್ಲಿ ಮಗ್ಗ ಇಪ್ಪತ್ತು, ಕಂಪ್ಯೂಟರ್ ಒಂದು, ಅದರ ಮುಂದೆ ತಿರುಗುಕುರ್ಚಿ ಒಂದು, ಡಿಸೈನ್ ಮಾಡುವವರು ಮಾತ್ರ ಇಬ್ಬರು. ನವನೀತನ್ ಹನ್ನೆರಡು ವರ್ಷದ ಹಳಬ. ಮೋಹನ್‌ರಾಜ್ ಕೊಯಮತ್ತೂರಿನ ಕಾಲೇಜಿನಿಂದ ನೇರವಾಗಿ ಇಳಿದು ಎಂಟು ತಿಂಗಳಾಗಿತ್ತು. ಚಿತ್ರವನ್ನು ಮಗ್ಗಕ್ಕೆ ತಿಳಿಯುವ ಹಾಗೆ ಬದಲಾಯಿಸುವ ಪ್ರೋಗ್ರಾಮು ಇಬ್ಬರ ಬಳಿಯೂ ಇತ್ತು. ಪ್ರೋಗ್ರಾಮು ಓಡಬೇಕಾದರೆ ಕಂಪ್ಯೂಟರಿನಲ್ಲಿ ಪೈಥಾನ್ ಎಂಬುದು ಇರಬೇಕು. ನೂಲಿದ್ದರೆ ಸಾಲದು, ನೇಯಲು ಮಗ್ಗ ಬೇಕಲ್ಲ, ಹಾಗೆ. ನವನೀತನ್‌ನ ಪ್ರೋಗ್ರಾಮು ಪೈಥಾನ್ ಎರಡರ ಮೇಲಷ್ಟೇ ಓಡುತ್ತಿತ್ತು. ಮೋಹನ್‌ರಾಜನದು ಮೂರರ ಮೇಲೆ. ಎರಡನ್ನು ಮಾಡಿದವರೇ ಅದರ ಕೈಬಿಟ್ಟು ವರ್ಷಗಳಾಗಿದ್ದವು ಎಂಬುದನ್ನು ಮೋಹನ್‌ರಾಜ್ ದಿನಕ್ಕೆ ನೂರೆಂಟು ಸಲ ಜಪಿಸುತ್ತಿದ್ದ.

ಅಂದು ಸಾಯಂಕಾಲ ಗೋಮತಿ ಎಂಬ ಶ್ರೀಮಂತೆ ಮಗಳ ಮದುವೆ ಸೀರೆಗೆ ನವಿಲು ಆರಿಸಲು ಬರುವವಳಿದ್ದಳು. ಯಾರ ನವಿಲು ಅವಳಿಗೆ ಹಿಡಿಸುತ್ತದೋ ಅವನೇ ಇನ್ನು ಡಿಸೈನ್ ಮಾಸ್ಟರ್, ತಿರುಗುಕುರ್ಚಿ ಅವನದೇ, ಇನ್ನೊಬ್ಬನು ಅವನ ಕೈಕೆಳಗೆ ಎಂದು ಮೊದಲಾಳಿ ಹೇಳಿಯಾಗಿತ್ತು. ನವನೀತನ್‌ನ ಹೆಂಡತಿ ಕೃತ್ತಿಕಾ ಆ ಕುರ್ಚಿಗೆಂದು ಜರಿ ಅಂಚಿನ ಮೆತ್ತೆ ಹೊಲಿದು, ಬೀದಿಯ ಹದಿನಾರು ಮನೆಗೂ ತೋರಿಸಿ ಬಂದಿದ್ದಳು. ಅದು ಕೈತಪ್ಪಿದರೆ ಬೀದಿಯಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

ಹನ್ನೊಂದಕ್ಕೆ ಮೋಹನ್‌ರಾಜ್ ಬಣ್ಣದ ನೂಲು ನೋಡಲು ಗೋದಾಮಿಗೆ ಹೋದ. ನವನೀತನ್ ಕುರ್ಚಿಗೆ ಹಾರಿದ. ಕಂಪ್ಯೂಟರಿನೊಳಗೆ ಮೂರು ಎಂಬುದು ಎಲ್ಲಿ ಕೂತಿದೆ ಎಂದು ಅವನಿಗೆ ಗೊತ್ತಿತ್ತು. ಎಂಟು ತಿಂಗಳಿಂದ ಅದನ್ನು ಸವತಿಯನ್ನು ನೋಡುವ ಹಾಗೆ ನೋಡುತ್ತ ಬಂದಿದ್ದ. ತೆಗೆದುಹಾಕಲೇ ಎಂದು ಯಂತ್ರ ಕೇಳಿತು. ಹೂಂ ಎಂದು ಒತ್ತಿದ. ಖಂಡಿತವೇ ಎಂದು ಮತ್ತೆ ಕೇಳಿತು. ತಾಳಿ ಕಟ್ಟುವಾಗಲೂ ಅವನು ಅಷ್ಟು ಖಂಡಿತವಾಗಿ ತಲೆಯಾಡಿಸಿರಲಿಲ್ಲ.

ಮೂರು ಮಾಯವಾಯಿತು. ನವನೀತನ್ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿ, ತನ್ನ ನವಿಲನ್ನು ಒಮ್ಮೆ ಕಣ್ತುಂಬ ನೋಡೋಣವೆಂದು ಪ್ರೋಗ್ರಾಮು ತೆರೆದ. ಪರದೆ ಕಪ್ಪಾಯಿತು. ಪೈಥಾನ್ ಸಿಗಲಿಲ್ಲ ಎಂದು ಒಂದು ಸಾಲು ಬಂತು.

ಮತ್ತೆ ಒತ್ತಿದ. ಅದೇ ಸಾಲು. ಮೂರನ್ನು ಕಿತ್ತ ಏಟಿಗೆ ತನ್ನ ಎರಡು ಕೂಡ ಬೇರುಸಮೇತ ಬಂದುಬಿಟ್ಟಿತೆಂದು ಅವನಿಗೆ ಖಾತ್ರಿಯಾಯಿತು.

ಹೊಸಿಲಲ್ಲಿ ಟೀ ನಂಜುಂಡನ್ ನಿಂತಿದ್ದ. "ಏನಣ್ಣಾ, ಮುಖ ನೆನೆಹಾಕಿದ ಅಕ್ಕಿ ತರ ಇದೆ?"

"ಏನೂ ಇಲ್ಲ. ಟೀ ಇಟ್ಟು ಹೋಗು."

"ಕಂಪ್ಯೂಟರ್ ಸುಡ್ತಾ ಇದೆಯಾ? ನಮ್ಮ ಭಾವನ ಮನೇಲಿ ಹೀಗೇ ಆಗಿತ್ತು. ಆಫ್ ಮಾಡಿ, ನೂರು ಎಣಿಸಿ, ಆನ್ ಮಾಡಿದ."

"ಸರಿಹೋಯ್ತಾ?"

"ಎಲ್ಲಿ? ಮಾರಿಬಿಟ್ಟ."

ಆದರೂ ನವನೀತನ್ ಆಫ್ ಮಾಡಿ ಇನ್ನೂರು ಎಣಿಸಿದ. ಏನೂ ಆಗಲಿಲ್ಲ. ಮೊಬೈಲಿನ ನೆಟ್ ಹಾಕಿ ಪೈಥಾನ್ ಹುಡುಕಿದರೆ, ಎಲ್ಲಕ್ಕೂ ಮೊದಲು ಹೊಳೆಯುವ ಬಟನ್ನಿನೊಂದಿಗೆ ಎದುರಾದದ್ದು ಮೂರು. ಕತ್ತು ಹಿಡಿದು ದಬ್ಬಿದವನಿಗೆ ತಾನೇ ಆರತಿ ಎತ್ತಿ ಒಳಗೆ ಕರೆಯುವುದೇ? ಅದಕ್ಕಿಂತ ಹೊಳೆಗೆ ಹಾರುವುದು ಲೇಸೆನಿಸಿತು. ಕಿಟಕಿಯಿಂದ ನೋಡಿದ, ಹೊಳೆಯಲ್ಲಿ ಮೊಣಕಾಲುದ್ದ ನೀರಿತ್ತು. ಆ ಯೋಚನೆಯನ್ನೂ ಬಿಟ್ಟ.

ಉಳಿದವನು ವಿಮಲ್. ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ ಪಂಪ್ ಕಾರ್ಖಾನೆಗಳ ಕಂಪ್ಯೂಟರ್ ರಿಪೇರಿ ಮಾಡುವವನು, ನವನೀತನ್‌ನ ದೊಡ್ಡಮ್ಮನ ಮಗ. ಫೋನಿನಲ್ಲಿ ಎಲ್ಲ ಕೇಳಿದ ವಿಮಲ್ ತಾನೇ ಒಂದು ಪ್ರಶ್ನೆ ಹಾಕಿದ.

"ಅಣ್ಣಾ, ನೀನು ನೇಯೋರ ಮನೇಲೇ ಹುಟ್ಟಿದೆ ತಾನೆ?"

"ಅದ್ಯಾಕೆ ಈಗ?"

"ಹೊಸ ಹಾಸು ಏರಿಸೋವಾಗ ಹಳೇ ಹಾಸನ್ನ ಮಗ್ಗದಿಂದ ಕಿತ್ತು ಬಿಸಾಕ್ತಾರಾ? ಹಳೇ ಎಳೆ ತುದಿಗೆ ಹೊಸ ಎಳೆ ಗಂಟು ಹಾಕಿ ಎಳ್ಕೊಳ್ಳಲ್ವಾ? ಇದೂ ಹಂಗೇ. ಎರಡೂ ಒಂದೇ ಕಂಪ್ಯೂಟರಲ್ಲಿ ಇರಬಹುದು. ಯಾವ ಪ್ರೋಗ್ರಾಮಿಗೆ ಯಾವುದು ಅಂತ ಹೇಳಿಕೊಟ್ರೆ ಮುಗೀತು. ಯಾರು ಕಿತ್ತು ಹಾಕು ಅಂದ್ರು ನಿನಗೆ?"

ಹೊಟ್ಟೆಕಿಚ್ಚು ಎಂದು ಹೇಳಲು ಬಾಯಿ ಬರಲಿಲ್ಲ. "ಕೈ ತಪ್ಪಿ ಆಯ್ತು," ಎಂದ.

"ಏನೂ ಮುಟ್ಟಬೇಡ. ನಾಲ್ಕೂವರೆಗೆ ಬರ್ತೀನಿ."

ಗೋಮತಿ ಬರುವುದು ನಾಲ್ಕಕ್ಕೆ.

ಅಷ್ಟರಲ್ಲಿ ಮೋಹನ್‌ರಾಜ್ ಬಂದ. ಕುರ್ಚಿಯಲ್ಲಿ ಕೂತು ತನ್ನ ಪ್ರೋಗ್ರಾಮು ಒತ್ತಿದ. ಪರದೆ ಕಪ್ಪಾಯಿತು. ನವನೀತನ್ ಮೂಲೆಯ ಪ್ಲಾಸ್ಟಿಕ್ ಸ್ಟೂಲಿನಿಂದ ಓರೆಗಣ್ಣಿನಲ್ಲಿ ನೋಡಿದ. ಮೋಹನ್‌ರಾಜನ ಕಿವಿ ಮೊದಲು ಕೆಂಪಾಗಿ, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿತು. ಆದರೆ ಅವನು ಕೂಗಾಡಲಿಲ್ಲ, ಯಾರು ಮುಟ್ಟಿದ್ದು ಎಂದೂ ಕೇಳಲಿಲ್ಲ. ಅದೊಂದು ವಿಚಿತ್ರವಾಗಿತ್ತು.

"ಏನು ತಂಬಿ, ನಿಂತುಹೋಯ್ತಾ?"

"ಇಲ್ಲಣ್ಣಾ. ಸ್ವಲ್ಪ ನಿಧಾನ ಇದೆ ಅಷ್ಟೇ. ನಿಮ್ಮದು?"

"ನಂದೂ ಸ್ವಲ್ಪ ನಿಧಾನ."

ಮಧ್ಯಾಹ್ನ ಕೃತ್ತಿಕಾ ಊಟದ ಡಬ್ಬಿಯ ಜೊತೆ ಮೆತ್ತೆಯನ್ನೂ ನಂಜುಂಡನ್ ಕೈಯಲ್ಲಿ ಕಳಿಸಿದಳು. ನವನೀತನ್ ಅದನ್ನು ತೊಡೆಯ ಮೇಲಿಟ್ಟುಕೊಂಡು, ಸತ್ತ ಬೆಕ್ಕನ್ನು ಹಿಡಿದವನ ಹಾಗೆ ಕೂತಿದ್ದ. ಶಿವಗಾಮಿ ಅತ್ತೆ ಮಾತ್ರ ಹಿಂದಿನ ಕೋಣೆಯಲ್ಲಿ, ಎಲ್ಲರೂ ಮರೆತ ಒಂದು ಕೈಮಗ್ಗದಲ್ಲಿ ಟಕಟಕ ಎಂದು ಏನೋ ನೇಯುತ್ತಿದ್ದಳು. ತಿಂಗಳಿಂದ ನೇಯುತ್ತಿದ್ದಳು. ಏನೆಂದು ಯಾರೂ ಕೇಳಿರಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿರುವಾಗಲೇ ಗೋಮತಿ ಬಂದಳು. ಅವಳ ಕತ್ತಿನ ಸರ ಎಷ್ಟು ದಪ್ಪವಿತ್ತೆಂದರೆ ಬಾವಿಯಿಂದ ಕೊಡ ಸೇದಬಹುದಿತ್ತು. ಮೊದಲಾಳಿ ಕೈಮುಗಿದು ಕೂರಿಸಿದ. "ನವನೀತಾ, ತೋರಿಸಪ್ಪ."

"ಮೊದಲು ಮೋಹನ್ ತೋರಿಸಲಿ ಮೊದಲಾಳಿ. ಚಿಕ್ಕವನು."

"ಅಣ್ಣ ಇರೋವಾಗ ನಾನು ಹೇಗೆ ಮುಂದೆ ಬರ್ಲಿ," ಎಂದ ಮೋಹನ್‌ರಾಜ್.

ಎಂಟು ತಿಂಗಳಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟದ್ದು ಅದೇ ಮೊದಲು. ಮೊದಲಾಳಿಗೆ ಅನುಮಾನ ಬಂದು ತಾನೇ ಇಬ್ಬರ ಪ್ರೋಗ್ರಾಮನ್ನೂ ಒಂದಾದ ಮೇಲೊಂದು ಒತ್ತಿದ. ಕಪ್ಪು ಪರದೆ. ಮತ್ತೂ ಕಪ್ಪು ಪರದೆ.

ಗೋಮತಿ ಕೈಚೀಲ ಎತ್ತಿಕೊಂಡಳು. "ನವಿಲು ತೋರಿಸ್ತೀವಿ ಅಂದ್ರಿ. ಇದು ಅಮಾವಾಸ್ಯೆ ಆಕಾಶ ಅಲ್ವಾ?"

"ಅಮ್ಮಾ, ಒಂದು ನಿಮಿಷ," ಎಂದು ಹಿಂದಿನ ಕೋಣೆಯಿಂದ ಅತ್ತೆ ಕರೆದಳು. "ಇಲ್ಲೊಂದು ಸುಮ್ಮಾ ನೇಯ್ದಿದ್ದೀನಿ. ನೋಡಿ, ಹಿಡಿಸದಿದ್ರೆ ಪರವಾಗಿಲ್ಲ."

ಹಳೆಯ ಕಾಲದ ಹಾಗೆ ಗ್ರಾಫ್ ಕಾಗದದಲ್ಲಿ ಬರೆದು, ರಟ್ಟಿಗೆ ಕೈಯಿಂದ ತೂತು ಹೊಡೆದು, ಆ ರಟ್ಟುಗಳನ್ನು ಮಗ್ಗದ ಮೇಲೆ ತೂಗುಹಾಕಿ ನೇಯ್ದ ಎರಡು ಮೊಳ ಸೆರಗು. ಅದರಲ್ಲೊಂದು ನವಿಲು. ಹೇಳಿದರೆ ನಂಬುವುದು ಕಷ್ಟ, ಹಿತ್ತಲಿನಲ್ಲಿದ್ದ ಹಾವು ಅದನ್ನು ಕಂಡು ಕಾಂಪೌಂಡ್ ಹಾರಿ ಓಡಿತು. ಗೋಮತಿ ಕೈಚೀಲ ಕೆಳಗಿಟ್ಟಳು. ಒಂದಲ್ಲ, ನೆಂಟರಿಗೂ ಸೇರಿಸಿ ಹನ್ನೊಂದು ಸೀರೆ ಎಂದಳು. ಎಲ್ಲವೂ ಇದೇ ಮಗ್ಗದಲ್ಲೇ ಆಗಬೇಕು, ಆ ಕರಿ ಪೆಟ್ಟಿಗೆಯ ಗಾಳಿಯೂ ಸೋಕಬಾರದು.

ಅವಳ ಕಾರು ಹೋಗುತ್ತಿದ್ದಂತೆ ವಿಮಲ್‌ನ ಬೈಕು ಬಂತು. ಕಂಪ್ಯೂಟರಿನೊಳಗೆ ಏನೇನು ನಡೆದಿದೆ ಎಂಬ ಪಟ್ಟಿ ತೆರೆದು, ಮೊದಲಾಳಿಯ ಮುಂದೆಯೇ ಗಟ್ಟಿಯಾಗಿ ಓದಿದ.

"ಬೆಳಿಗ್ಗೆ ಒಂಬತ್ತು ಐದಕ್ಕೆ ಎರಡನ್ನ ತೆಗೆದಿದ್ದಾರೆ. ಹನ್ನೊಂದು ಹತ್ತಕ್ಕೆ ಮೂರನ್ನ ತೆಗೆದಿದ್ದಾರೆ."

ಒಂಬತ್ತು ಐದಕ್ಕೆ ನವನೀತನ್ ಇನ್ನೂ ಮನೆಯಲ್ಲಿ ದೋಸೆ ತಿನ್ನುತ್ತಿದ್ದ. ಅವನು ನಿಧಾನವಾಗಿ ಮೋಹನ್‌ರಾಜನ ಕಡೆ ತಿರುಗಿದ.

"ಮತ್ತೇನಣ್ಣಾ," ಎಂದ ಮೋಹನ್‌ರಾಜ್ ನೆಲ ನೋಡುತ್ತ. "ಎರಡು ಇರೋವಾಗ ಮೂರು ಯಾಕೆ ಅಂತ ನೀವು ಹೇಳಿದ್ರಂತೆ. ನಿನ್ನೆ ಸಾಯಂಕಾಲ ಅತ್ತೆ ಹೇಳಿದ್ರು."

"ನಾನು ಅಂಥ ಮಾತೇ ಆಡ್ಲಿಲ್ಲ. ನೀನೇ ತಾನೆ, ಮೂರು ಇರೋವಾಗ ಎರಡು ಯಾಕೆ ಅಂದಿದ್ದು?"

"ಯಾರು ಹೇಳಿದ್ರು?"

ಇಬ್ಬರೂ ಶಿವಗಾಮಿ ಅತ್ತೆಯನ್ನು ನೋಡಿದರು. ಹನ್ನೆರಡು ವರ್ಷದ ಹಿಂದೆ ಆ ಕಂಪ್ಯೂಟರ್ ಬಂದಾಗ ಡಿಸೈನ್ ಬರೆಯುತ್ತಿದ್ದ ಯಾರ ಮೇಜನ್ನು ಎತ್ತಿ ಹಿಂದಿನ ಕೋಣೆಗೆ ಹಾಕಿದ್ದರು ಎಂಬುದು ನವನೀತನ್‌ಗೆ ಆಗಷ್ಟೇ ನೆನಪಾಯಿತು. ಆ ಮೇಜಿನ ಒಂದು ಕಾಲು ಹಿಡಿದು ಎತ್ತಿದವನು ಅವನೇ.

"ಕಿವಿಗೆ ಬಿತ್ತು, ಹೇಳಿದೆ," ಎಂದಳು ಅತ್ತೆ. ಆಮೇಲೆ ನವನೀತನ್‌ನ ಕೈಯಿಂದ ಮೆತ್ತೆ ತೆಗೆದುಕೊಂಡು, ಕುರ್ಚಿಗೆ ಹಾಸಿ, ಕೂತು, ಒಂದು ಸುತ್ತು ತಿರುಗಿ ನೋಡಿದಳು. "ಕೃತ್ತಿಕಾ ಚೆನ್ನಾಗಿ ಹೊಲಿದಿದ್ದಾಳೆ. ಅಳತೆ ಸರಿಯಾಗಿದೆ."

ವಿಮಲ್ ಕಾಲು ಗಂಟೆಯಲ್ಲಿ ಎರಡನ್ನೂ ಮೂರನ್ನೂ ಒಂದೇ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಕೂರಿಸಿ ಹೋದ. ಅವು ಇಂದಿಗೂ ಅಲ್ಲಿ ಜಗಳವಿಲ್ಲದೆ, ಕೆಲಸವೂ ಇಲ್ಲದೆ ಇವೆ. ಆ ಕೈಮಗ್ಗದ ನವಿಲಿಗೆ ಅಷ್ಟು ಬೇಡಿಕೆ.

ಹಿಂದಿನ ಕೋಣೆಯಲ್ಲಿ ಒಂದೇ ಬೆಂಚಿನ ಮೇಲೆ ನವನೀತನ್, ಮೋಹನ್‌ರಾಜ್ ಅಕ್ಕಪಕ್ಕ ಕೂತು ಮಾಸ್ಟರಮ್ಮ ಕಳಿಸುವ ರಟ್ಟುಗಳಿಗೆ ತೂತು ಹೊಡೆಯುತ್ತಾರೆ. ದಿನಕ್ಕೆ ಸಾವಿರ ತೂತು. ನವನೀತನ್‌ಗೆ ಅದರ ಚಿಂತೆಯಿಲ್ಲ. ಮೋಹನ್‌ರಾಜನ ಕೈಯಲ್ಲಿರುವ ಸುತ್ತಿಗೆ ತನ್ನದಕ್ಕಿಂತ ಹೊಸದು, ಅದೊಂದೇ ಅವನಿಗೆ ನಿದ್ದೆ ಬರಗೊಡುವುದಿಲ್ಲ.