ಬೀರುವಿನೊಳಗಿನ ತುಂಬು ಸಂಸಾರ

“ಇನ್ಮೇಲೆ ನಂಗೆ ಯಾರೂ ಬೇಡ! ಒಂದು ಕೊರಳು ಸಾಕು, ಒಂದು ಮೈಕು ಸಾಕು. ಇಡೀ ಪ್ರಪಂಚಾನ ನಾನೊಬ್ಬನೇ ಮಾತಾಡಿಸ್ತೀನಿ!”

ಧ್ವನಿಮುದ್ರಣದ ಕೋಣೆಯ ನಟ್ಟನಡುವೆ ನಿಂತು ಕಂಠಣ್ಣ ಹೀಗೆ ಗರ್ಜಿಸಿದಾಗ ಕೇಳಿಸಿಕೊಳ್ಳಲು ಅಲ್ಲಿ ಉಳಿದಿದ್ದುದು ಎರಡೇ ಜೀವ. ಒಂದು ನಿರ್ದೇಶಕ, ಇನ್ನೊಂದು, ಬೆಳಗಿನಿಂದ ಕೆಟ್ಟು ಗುರ್ರೆನ್ನುತ್ತಿದ್ದ ಎಸಿ. ಮಿಕ್ಕ ಕಲಾವಿದರೆಲ್ಲ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಾಗಿತ್ತು.

ಕಂಠಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಅವನ ಕೊರಳು ಸಂಪಾದಿಸಿದ್ದು. ಟಿವಿಯಲ್ಲಿ ವಾರಕ್ಕೊಮ್ಮೆ ಬರುವ ಹಾಸ್ಯದ ಕಾರ್ಟೂನ್ ಧಾರಾವಾಹಿಯೊಂದರಲ್ಲಿ ಗುಡಾಣ ಎಂಬ ಬೊಜ್ಜಿನ ಗಂಡನಿಗೆ ಅವನೇ ಧ್ವನಿ. ಸ್ಟುಡಿಯೋದಲ್ಲಿ ಮೈಕು ಆರಿದ ಮೇಲೂ ಅವನು ಮಾತಾಡುತ್ತಿದ್ದುದು ಆ ಗುಡಾಣನ ಕೊರಳಲ್ಲೇ. ಗುಡಾಣನ ಹೆಂಡತಿ ಗುಂಡುಸೂಜಿ. ಮೈ ಕಡ್ಡಿ, ಮಾತು ಮೊನೆ! ಆ ಪಾತ್ರಕ್ಕೆ ಧ್ವನಿ ಕೊಡುತ್ತಿದ್ದಾಕೆಯನ್ನು ಎಲ್ಲರೂ ಸೂಜಕ್ಕ ಎಂದೇ ಕರೆಯುತ್ತಿದ್ದರು. ವರ್ಷಗಟ್ಟಲೆ ಇವರಿಬ್ಬರೂ ಒಂದೇ ಮೈಕಿನ ಮುಂದೆ ನಿಂತು ಎಷ್ಟು ಸೊಗಸಾಗಿ ಕಿತ್ತಾಡಿದ್ದರೆಂದರೆ, ನೋಡುವವರು ಇವರನ್ನು ನಿಜವಾದ ಗಂಡ ಹೆಂಡತಿ ಎಂದೇ ನಂಬಿದ್ದರು. ನಿಜದಲ್ಲಿ ಆಕೆ ಊರಿನ ಆ ತುದಿಯಲ್ಲಿ ಒಬ್ಬಳೇ, ಇವನು ಈ ತುದಿಯಲ್ಲಿ ಒಬ್ಬನೇ. ಮದುವೆಯಾಗುವ ಪುರುಸೊತ್ತು ಇಬ್ಬರಿಗೂ ಸಿಕ್ಕಿರಲಿಲ್ಲ. ಜಗಳವಾಡುವ ಪುರುಸೊತ್ತು ಮಾತ್ರ ಧಾರಾಳವಾಗಿತ್ತು.

ಆ ವಾರದ ಕಂತಿನಲ್ಲಿ ಗುಡಾಣ ತಾನೇ ಒಂದು ಸಿನಿಮಾ ತೆಗೆಯಲು ಹೊರಡುತ್ತಾನೆ. ಕತೆ ಅವನದೇ, ನಿರ್ದೇಶನ ಅವನದೇ, ನಾಯಕನೂ ಅವನೇ. ಕ್ಯಾಮೆರಾ ಕೆರೆಗೆ ಬೀಳುತ್ತದೆ. ಬಾಡಿಗೆ ಕುದುರೆ ನಾಯಕನ ಅಂಟುಮೀಸೆಯನ್ನು ಮೇಯುತ್ತದೆ. ಕೊನೆಗೆ ವೇಷದ ಬಟ್ಟೆ ತುಂಬುವ ದೊಡ್ಡ ಪೆಟ್ಟಿಗೆಯಲ್ಲಿ ಗುಡಾಣ ಸಿಕ್ಕಿಹಾಕಿಕೊಂಡು ಬಡಿದುಕೊಳ್ಳುತ್ತಾನೆ, ಹೊರಗೆ ನಿಂತ ತಂಡ “ಆಹಾ, ಎಂಥ ಅಭಿನಯ!” ಎಂದು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತದೆ.

ಇಂಥ ನಗೆಯ ಕಂತಿನ ತಾಲೀಮಿನಲ್ಲೇ ಜಗಳ ಹತ್ತಿತು. ಕಂಠಣ್ಣನಿಗೆ ಒಂದು ಚಟ. ತನ್ನ ಮಾತು ಹೇಳಿ ಮುಗಿಸಿ ಸುಮ್ಮನಿರಲಾರ. ಊರವರ ಮಾತನ್ನೂ ತಿದ್ದಬೇಕು.

“ಸೂಜಿಯವ್ರೇ, ನಿಮ್ಮ ‘ಅಯ್ಯೋ’ ಸ್ವಲ್ಪ ಗಿಡ್ಡ ಆಯ್ತು.”

“ನನ್ನ ಅಯ್ಯೋ ಉದ್ದ ನಾನು ನೋಡ್ಕೋತೀನಿ. ನಿಮ್ಮ ನಾಲಿಗೆ ಉದ್ದ ನೀವು ನೋಡ್ಕೊಳ್ಳಿ.”

“ಒಳ್ಳೇದಕ್ಕೆ ಹೇಳಿದ್ರೆ...”

“ಕುದುರೆ ಪಾತ್ರದವ್ರಿಗೆ ಕೆನೆಯೋದು ಹೇಳ್ಕೊಟ್ರಿ. ತಾತನ ಪಾತ್ರದವ್ರಿಗೆ ಕೆಮ್ಮೋದು ಹೇಳ್ಕೊಟ್ರಿ. ಅವ್ರಿಗೆ ನಿಜವಾಗ್ಲೂ ಕೆಮ್ಮಿದೆ ಕಂಠಣ್ಣ! ಎಲ್ಲಾ ನಿಮಗೇ ಬರುತ್ತೆ ಅಂದ್ಮೇಲೆ ನಾವ್ಯಾಕೆ? ಎಲ್ಲಾನೂ ನೀವೇ ಮಾಡ್ಕೊಳ್ಳಿ.”

“ಮಾಡ್ತೀನಿ! ನಿಮ್ಮ ಧ್ವನೀನೂ ನಾನೇ ಮಾಡ್ತೀನಿ!”

ಸೂಜಕ್ಕ ಬ್ಯಾಗನ್ನು ಹೆಗಲಿಗೇರಿಸಿದಳು. “ಮಾಡಿ. ಉತ್ತರಾನೂ ನೀವೇ ಕೊಟ್ಕೊಳ್ಳಿ,” ಎಂದು ಹೊರಟೇಹೋದಳು. ಅವಳ ಹಿಂದೆ ತಾತ ಕೆಮ್ಮುತ್ತ ಹೋದರು. ಕುದುರೆ ಕೆನೆಯದೆ ಹೋಯಿತು.

ನಿರ್ದೇಶಕ ತಲೆಯ ಮೇಲೆ ಕೈಹೊತ್ತು ಕೂತ. “ಅಣ್ಣಾ, ನಾಳೆ ಸಂಜೆಗೆ ಕಂತು ಚಾನೆಲ್ ಕೈಯಲ್ಲಿ ಇರಬೇಕು. ಇಲ್ದಿದ್ರೆ ಧಾರಾವಾಹಿನೇ ನಿಲ್ಲಿಸ್ತಾರಂತೆ. ಈ ಎಸಿ ಬೇರೆ ಹುಲಿ ಥರ ಗುರುಗುಟ್ತಿದೆ.”

“ನಿನ್ನ ಹುಲಿ ಗುಹೆನೂ ಬೇಡ ಹೋಗೋ! ನಮ್ಮನೆ ಬಟ್ಟೆ ಬೀರು ಸಾಕು ನಂಗೆ. ನೀನು ಇಲ್ಲೇ ಕಾಲು ಚಾಚಿ ಕೂತು ಕೇಳಿಸ್ಕೋ!”

ಮಾರನೆಯ ಬೆಳಿಗ್ಗೆ ಕಂಠಣ್ಣ ಬೀರುಪ್ರವೇಶ ಮಾಡಿದ. ಆಳೆತ್ತರದ ಹಳೆಯ ಮರದ ಬೀರು. ಒಳಗೆ ಸುತ್ತಲೂ ರಜಾಯಿ ನೇತುಹಾಕಿದರೆ ಹೊರಗಿನ ಸಣ್ಣಪುಟ್ಟ ಸದ್ದು ಮೈಕಿನತ್ತ ಸುಳಿಯದು. ನಡುವೆ ಮೈಕು ಇಳಿಬಿಟ್ಟು, ಅದರ ತಂತಿಯನ್ನು ಬಾಗಿಲ ಸಂದಿಯಿಂದ ಮೇಜಿನ ಮೇಲಿನ ಕಂಪ್ಯೂಟರಿಗೆ ಸೇರಿಸಿದ. ಅಲ್ಲಿಂದ ಅವನ ಧ್ವನಿ ನೇರವಾಗಿ ಸ್ಟುಡಿಯೋದಲ್ಲಿದ್ದ ನಿರ್ದೇಶಕನ ಕಿವಿಗೆ. ನಿರ್ದೇಶಕನ ಮಾತು ಇವನಿಗೆ ಕೇಳಲು ಕಿವಿಗೆ ಹೆಡ್‌ಫೋನು. ನಡುವೆ ಗಂಟೆ ಬಾರಿಸೀತೆಂದು ಫೋನನ್ನು ಮಂಚದ ಮೇಲೆಸೆದ. ಗ್ಯಾಸ್ ಸಿಲಿಂಡರಿನವನು ಬರುವವನಿದ್ದುದರಿಂದ ಮುಂಬಾಗಿಲಿಗೆ ಅಗುಳಿ ಹಾಕದೆ ಬರೀ ಮುಂದಕ್ಕೆ ಮಾಡಿಟ್ಟ.

ಒಬ್ಬನೇ ಎಲ್ಲ ಧ್ವನಿ ಮಾಡುವುದು ಅವನಿಗೇನೂ ಹೊಸದಲ್ಲ. ಆ ಮನೆಯಲ್ಲಿ ತೊಳೆಯುವ ಪಾತ್ರೆ ಒಂದೇ, ಆಡುವ ಪಾತ್ರ ಮಾತ್ರ ಹತ್ತಾರು! “ಕಾಫಿ ಆಯ್ತೇನೋ?” ಎಂದು ಮುದುಕನ ಧ್ವನಿಯಲ್ಲಿ ಕೇಳಿ, “ಬಂತು ತಾತಾ, ಬಿಸಿ ಇದೆ, ನೋಡ್ಕೊಂಡು ಕುಡೀರಿ” ಎಂದು ಮೊಮ್ಮಗನಾಗಿ ಹೇಳಿ, ಆಮೇಲೆ ತಾನೇ ಕುಡಿಯುತ್ತಿದ್ದ. ಅಭ್ಯಾಸಕ್ಕೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಭಾನುವಾರಗಳಂದು ಈ ಅಭ್ಯಾಸ ತುಸು ಹೆಚ್ಚಾಗುತ್ತಿತ್ತು.

ಮುದ್ರಣ ಬೆಣ್ಣೆಯಿಂದ ಕೂದಲು ತೆಗೆದಂತೆ ಸಾಗಿತು. ಕುದುರೆ ಕೆನೆಯಿತು. ತಾತ ಕೆಮ್ಮಿದರು. ಗುಂಡುಸೂಜಿಯ ಧ್ವನಿಯಂತೂ ಸೂಜಕ್ಕನೇ ಎದ್ದುಬಂದಂತೆ ಬಂತು. ನಿರ್ದೇಶಕ ಹೆಡ್‌ಫೋನಿನಲ್ಲಿ “ಸೂಪರ್ ಅಣ್ಣಾ” ಎನ್ನುತ್ತಲೇ ಇದ್ದ. ಆದರೂ ಏನೋ ಕೊರತೆ. ಸ್ಟುಡಿಯೋದಲ್ಲಾದರೆ, ಕಂಠಣ್ಣ ಗುಡಾಣನಾಗಿ ಒಂದು ಮಾತು ಬಿಟ್ಟನೆಂದರೆ ಸೂಜಕ್ಕ ನಗು ಮೈಕಿಗೆ ಕೇಳದಿರಲೆಂದು ಕರವಸ್ತ್ರವನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಅವಳ ಭುಜ ಅಲುಗಿದರೆ ಮಾತು ಗೆದ್ದಿತೆಂದು ಲೆಕ್ಕ. ಇಲ್ಲಿ ಎಂಥ ಮಾತು ಬಿಟ್ಟರೂ ಅದು ರಜಾಯಿಯಲ್ಲಿ ಹೂತುಹೋಗುತ್ತಿತ್ತು. ರಜಾಯಿಗೆ ಭುಜವೂ ಇಲ್ಲ, ನಗುವೂ ಇಲ್ಲ.

ಗುಡಾಣ ಪೆಟ್ಟಿಗೆಯಲ್ಲಿ ಸಿಕ್ಕಿಕೊಳ್ಳುವ ದೃಶ್ಯ ಬಂತು. ಪೆಟ್ಟಿಗೆಯ ಮುಚ್ಚಳ ಬೀಳುವ ಸದ್ದು ಬೇಕು. ಕಂಠಣ್ಣನ ಕಲಾಪ್ರಜ್ಞೆ ಕೆರಳಿತು. ಬೀರುವಿನ ಬಾಗಿಲನ್ನು ಒಳಗಿನಿಂದ ಹಿಡಿದು ಧಡಾರನೆ ಎಳೆದ!

ಅದ್ಭುತ ಸದ್ದು! ಅದರ ಬೆನ್ನಿಗೇ ಇನ್ನೊಂದು ಚಿಕ್ಕ ಸದ್ದು: ‘ಟಕ್’. ಹೊರಗಿನ ಚಿಲಕ ತಾನಾಗಿ ಬಿದ್ದಿತ್ತು. ಸಂದಿಗೆ ಸಿಕ್ಕಿದ ಹೆಡ್‌ಫೋನಿನ ತಂತಿ ಪಟ್ಟನೆ ಕಿತ್ತುಬಂತು. ಮೈಕಿನ ತಂತಿ ಮಾತ್ರ ಗಟ್ಟಿಪಿಂಡ, ಉಳಿದುಕೊಂಡಿತು. ಅಂದರೆ ಇವನು ಆಡಿದ್ದು ಲೋಕಕ್ಕೆ ಕೇಳುತ್ತದೆ, ಲೋಕ ಆಡಿದ್ದು ಇವನಿಗೆ ಕೇಳದು. ಒಂದು ರೀತಿಯಲ್ಲಿ ಅವನು ಜೀವಮಾನವಿಡೀ ಬಯಸಿದ್ದ ವ್ಯವಸ್ಥೆಯೇ!

“ಬಾಗಿಲು ತೆಗೀರಿ!” ಎಂದು ಕೂಗಿದ. ಅದು ಸಂಭಾಷಣೆಯಲ್ಲೇ ಇತ್ತು.

“ಅಯ್ಯೋ, ಉಸಿರು ಕಟ್ತಿದೆ!” ಅದೂ ಇತ್ತು.

“ಇದು ನಟನೆ ಅಲ್ಲಪ್ಪಾ, ನಿಜವಾಗ್ಲೂ ಸಿಕ್ಕಾಕ್ಕೊಂಡಿದೀನಿ!” ಕೂಗಿದ ಮೇಲೆ ಅವನಿಗೆ ನೆನಪಾಯಿತು. ಈ ಸಾಲು ಇದ್ದರೆ ನಗು ಇಮ್ಮಡಿಯಾಗುತ್ತದೆಂದು ತಾನೇ ಹಟಹಿಡಿದು ಬರೆಸಿದ್ದ.

“ನಾನು ಗುಡಾಣ ಅಲ್ಲ ಕಣೋ, ಕಂಠಣ್ಣ! ನನ್ನ ಮನೆಗೆ ಯಾರನ್ನಾದ್ರೂ ಕಳ್ಸೋ!”

ಯಾರೂ ಬರಲಿಲ್ಲ. ಸ್ಟುಡಿಯೋದಲ್ಲಿ ನಿರ್ದೇಶಕ ತೊಡೆ ತಟ್ಟಿಕೊಂಡು ನಗುತ್ತಿರುವುದು ಕಣ್ಣಿಗೆ ಕಟ್ಟಿತು. ಭುಜ ಕೊಟ್ಟು ನೂಕಿದ. ಹಳೆಯ ಮರ, ಜಗ್ಗಲಿಲ್ಲ. ಇವನೂ ಹಳೆಯ ಮರವೇ, ಮೈಯೆಲ್ಲ ನೋವಾಯಿತು.

ಸ್ವಲ್ಪ ಹೊತ್ತಿಗೆ ಹೊರಗೆ ಧೊಪ್ಪೆಂದು ಭಾರದ ಸದ್ದು. “ಸಿಲಿಂಡರ್!”

ಕಂಠಣ್ಣನಿಗೆ ದೇವರೇ ಬಂದಂತಾಯಿತು. ಎಲ್ಲ ಶಕ್ತಿ ಒಗ್ಗೂಡಿಸಿ ಕೂಗಿದ. ಆದರೆ ಬೆಳಗಿನಿಂದ ಹತ್ತು ವೇಷ ಹಾಕಿದ್ದ ಕೊರಳು ಹದತಪ್ಪಿತ್ತು. “ಬಾಗಿಲು” ಎಂಬುದು ತಾತನ ಧ್ವನಿಯಲ್ಲಿ ಹೊರಟಿತು, “ತೆಗೀರಪ್ಪಾ” ಎಂಬುದು ಗುಡಾಣನದಾಯಿತು, ಕೊನೆಯ ರಾಗ ಶುದ್ಧ ಕುದುರೆ!

ಸಿಲಿಂಡರಿನವನು ಕೆರಳಿದ. “ಎಷ್ಟು ಜನಾರೀ ಈ ಮನೇಲಿ! ಇಷ್ಟು ಜನ ಇದ್ದು ಒಬ್ರು ಬಾಗಿಲಿಗೆ ಬರಲ್ಲ. ಕಿತ್ತಾಡ್ತಾ ಇರಿ, ಇಲ್ಲಿಟ್ಟಿದೀನಿ!” ಹೆಜ್ಜೆಯ ಸದ್ದು ಮೆಟ್ಟಿಲಿಳಿದು ಹೋಯಿತು.

ಕಂಠಣ್ಣ ರಜಾಯಿಯ ಮೇಲೆ ಕುಸಿದು ಕೂತ. ಕತ್ತಲು. ನ್ಯಾಫ್ತಲಿನ್ ಗುಳಿಗೆಯ ವಾಸನೆ. ಯಾರಾದರೂ ತನ್ನನ್ನು ಹುಡುಕಿಕೊಂಡು ಬರಬೇಕೆಂದರೆ ಯಾರು ಬರಬಹುದು ಎಂದು ಯೋಚಿಸಿದ. ಸಿಲಿಂಡರಿನವನು ಬಂದು ಹೋಗಿಯಾಗಿತ್ತು. ಅವನ ನಂತರ ಯಾರ ಮುಖವೂ ನೆನಪಿಗೆ ಬರಲಿಲ್ಲ. ಬಂದದ್ದು ಒಂದು ಧ್ವನಿ. ಅದು ಅವನ ಬಾಯಿಂದಲೇ ಬಂತು.

“ಎಷ್ಟು ಹೊತ್ತು ಹೀಗೇ ಕೂತಿರ್ತೀರಿ?” ಸೂಜಕ್ಕನ ಧ್ವನಿ.

“ಏನ್ಮಾಡ್ಲಿ? ಯಾರೂ ಬರ್ತಿಲ್ಲ,” ಎಂದ ಕಂಠಣ್ಣ. ಇದು ಗುಡಾಣನ ಧ್ವನಿಯಲ್ಲ, ತಾತನದೂ ಅಲ್ಲ. ಸವೆದ, ತೆಳ್ಳಗಿನ, ಅವನದೇ ಧ್ವನಿ.

“ಬಂದೋರನ್ನೆಲ್ಲ ತಿದ್ದಿ ತಿದ್ದಿ ಕಳ್ಸಿದ್ರಿ. ಇನ್ಯಾರು ಬರ್ತಾರೆ?”

“ತಪ್ಪಾಯ್ತು ಸೂಜೀ. ನಿಮ್ಮ ಅಯ್ಯೋ ಸರಿಯಾಗೇ ಇತ್ತು.”

ಅವಳು ಇದಕ್ಕೆ ಏನು ಹೇಳುತ್ತಿದ್ದಳು? ಕಂಠಣ್ಣ ಬಾಯಿ ತೆರೆದ. ಏನೂ ಹೊಳೆಯಲಿಲ್ಲ. ವರ್ಷಗಟ್ಟಲೆ ಅವಳ ಬಳಿ ಅವನು ಒಂದು ಸಲವೂ ಕ್ಷಮೆ ಕೇಳಿರಲಿಲ್ಲವಾದ್ದರಿಂದ, ಅವಳ ಉತ್ತರ ಯಾವ ರಾಗದಲ್ಲಿರುತ್ತದೆಂಬುದೇ ಅವನಿಗೆ ಗೊತ್ತಿರಲಿಲ್ಲ. ಕೊನೆಗೆ ಉಳಿದಿದ್ದ ಕೀರಲು ಧ್ವನಿಯಲ್ಲಿ, ಅವಳದೇ ಧ್ವನಿಯಲ್ಲಿ, ಒಮ್ಮೆ ಚೀರಿದ: “ಅಯ್ಯೋ! ಯಾರಾದ್ರೂ ಬನ್ರೀ!”

ಕೆಳಗಿನ ಮನೆಯಲ್ಲಿ ಬಾಗಿಲು ತೆರೆದ ಸದ್ದಾಯಿತು. ಧಡಧಡನೆ ಮೆಟ್ಟಿಲು ಹತ್ತಿದ ಸದ್ದು. ಚಿಲಕ ಎದ್ದಿತು, ಬಾಗಿಲು ತೆರೆಯಿತು, ಬೆಳಕಿನಲ್ಲಿ ಒಂದು ಪೊರಕೆ ಎತ್ತಿ ಹಿಡಿದು ನಿಂತಿದ್ದರು ಕೆಳಮನೆಯ ನರ್ಸಮ್ಮ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು. ಆ ಮನೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ.

“ಎಲ್ಲಿ ಆ ಹೆಂಗ್ಸು? ಏನ್ ಮಾಡಿದ್ರಿ ಅವ್ರನ್ನ?”

“ಹೆಂಗ್ಸು ಯಾರೂ ಇಲ್ಲಮ್ಮ.”

“ಸುಳ್ಳು ಹೇಳ್ಬೇಡಿ! ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಇಷ್ಟು ದಿನ ಸುಮ್ನಿದ್ದೆ. ಇವತ್ತು ಗಂಡಸ್ರು ಕೂಗಿದಾಗ್ಲೂ ಮಗ್ಗುಲು ಬದಲಾಯಿಸಿ ಮಲಗಿದೆ. ಹೆಣ್ಮಗಳು ಚೀರಿದ್ಮೇಲೆ ಹೇಗೆ ಮಲಗ್ಲಿ?” ಎನ್ನುತ್ತ ಪೊರಕೆಯಿಂದ ರಜಾಯಿಗಳನ್ನು ಸರಿಸಿ ಸರಿಸಿ ಹುಡುಕಿದರು.

ಕಂಠಣ್ಣ ನಾಚಿಕೆಯಿಂದ ತಲೆತಗ್ಗಿಸಿ, “ಅಯ್ಯೋ, ಯಾರಾದ್ರೂ ಬನ್ರೀ,” ಎಂದು ಮೆಲ್ಲಗೆ ಅದೇ ಧ್ವನಿಯಲ್ಲಿ ಹೇಳಿ ತೋರಿಸಿದ.

ಪೊರಕೆ ಕೆಳಗಿಳಿಯಿತು.

“ಮತ್ತೆ ಕೆಮ್ಮೋ ತಾತ?”

“ನಾನೇ.”

“ಕಾಫಿ ತಂದುಕೊಡೋ ಮೊಮ್ಮಗ?”

“ಅದೂ ನಾನೇ.”

“ಅಂದ್ರೆ ಈ ಮನೇಲಿ ಇರೋದು?”

“ಇಷ್ಟೇ,” ಎಂದ ಕಂಠಣ್ಣ.

ನರ್ಸಮ್ಮ ಅಲ್ಲೇ ಇದ್ದ ಒಂಟಿ ಕುರ್ಚಿಯಲ್ಲಿ ಕೂತುಬಿಟ್ಟರು. “ನೋಡಿ, ನಾನು ಒಬ್ಳೇ ಊಟಕ್ಕೆ ಕೂತಾಗೆಲ್ಲ ಮೇಲಿನ ಗದ್ದಲ ಕೇಳಿ ಹೊಟ್ಟೆ ಉರ್ಕೋತಿದ್ದೆ. ಎಂಥ ತುಂಬು ಸಂಸಾರ ಇವ್ರದು ಅಂತ!”

ಅಷ್ಟರಲ್ಲಿ ಮಂಚದ ಮೇಲಿನ ಫೋನು ಬಡಿದುಕೊಂಡಿತು. ನಿರ್ದೇಶಕ.

“ಅಣ್ಣಾ, ಕಾಲಿಗೆ ಬಿದ್ದೆ! ಚಾನೆಲ್‌ನವ್ರು ಇಲ್ಲೇ ನನ್ನ ಪಕ್ಕ ಕೂತು ಕೇಳಿಸ್ಕೊಂಡ್ರು. ಬಿದ್ದು ಬಿದ್ದು ನಕ್ರು! ನಡುವೆ ನಿಮ್ಮ ಹೆಸರನ್ನೇ ಹೇಳಿ ಕೂಗಿದ್ರಲ್ಲ, ಏನ್ ತಲೆ ನಿಮ್ದು! ಧಾರಾವಾಹಿ ಉಳೀತು!”

“ಹೌದೇನೋ...”

“ಒಂದೇ ಒಂದು ತುಂಡು ಕತ್ತರಿಸ್ದೆ, ಬೇಜಾರು ಮಾಡ್ಕೋಬೇಡಿ. ಕೊನೇಲಿ ಹೆಂಡ್ತಿ ಹತ್ರ ತಪ್ಪಾಯ್ತು ಅಂತೀರಲ್ಲ, ಅದು. ಅದ್ಯಾವ್ದೋ ಒಣಕಲು ಧ್ವನಿ ಹಾಕಿದ್ರಿ. ಅಷ್ಟು ಸಹಜವಾಗಿರ್ಲಿಲ್ಲ ಅಣ್ಣ. ಯಾರೂ ನಂಬಲ್ಲ.”

ಇಷ್ಟು ಹೇಳುವಷ್ಟರಲ್ಲಿ ಫೋನು ಚಾರ್ಜು ಮುಗಿದು ಬಾಯಿ ಮುಚ್ಚಿತು. ಕಂಠಣ್ಣ ಸತ್ತ ಫೋನನ್ನು ಮಂಚದ ಮೇಲಿಟ್ಟ. ಆಮೇಲೆ ಕೇಳಿದ: “ನರ್ಸಮ್ಮ, ನಿಮ್ಮ ಫೋನು ಒಂದು ನಿಮಿಷ ಕೊಡ್ತೀರಾ?”

ನಂಬರು ಹುಡುಕಬೇಕಾಗಿರಲಿಲ್ಲ. ಅವನಿಗೆ ಬಾಯಿಪಾಠವಾಗಿದ್ದ ನಂಬರು ಅದೊಂದೇ. ಗಂಟೆ ಬಾರಿಸಿತು. ಆ ತುದಿಯಲ್ಲಿ ಟಿವಿಯ ಸದ್ದು, ಪಾತ್ರೆಯೊಂದನ್ನು ಇಟ್ಟ ಸದ್ದು, ಆಮೇಲೆ ಅವಳು.

“ಹಲೋ, ಯಾರು?”

ಗುಡಾಣನಾಗಿ ಒಂದು ಚಟಾಕಿ ಹಾರಿಸಿ ನಗಿಸಿಬಿಡೋಣ ಎನ್ನಿಸಿತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದ. ಮೊದಲ ಸಲ ಅವಳೊಡನೆ ತನ್ನದೇ ಧ್ವನಿಯಲ್ಲಿ, ಯಾವ ಬಣ್ಣವನ್ನೂ ಬಳಿಯದೆ ಹೇಳಿದ.

“ನಾನು, ಕಂಠಣ್ಣ. ನಂದೇ ತಪ್ಪು, ಸೂಜಿಯವ್ರೇ. ನೀವು ವಾಪಸ್ ಬರ್ಬೇಕು. ಉತ್ತರ ಕೊಟ್ಕೊಳ್ಳೋಕೆ ನಂಗೆ ಬರಲ್ಲ.”

ಆ ಕಡೆ ಟಿವಿಯ ಸದ್ದು ನಿಂತಿತು. ಕಂಠಣ್ಣ ಉಸಿರು ಬಿಗಿಹಿಡಿದ. ನರ್ಸಮ್ಮನೂ ಬಿಗಿಹಿಡಿದರು.

“ಏನ್ರೀ,” ಎಂದಳು ಸೂಜಕ್ಕ, “ದಿನಾ ನಿಮ್ಮಂಥ ಅಭಿಮಾನಿಗಳು ಹತ್ತು ಜನ ಕಂಠಣ್ಣನ ಥರ ಮಾತಾಡಿ ನಂಗೆ ಫೋನ್ ಮಾಡ್ತಾರೆ. ಅದ್ರಲ್ಲೆಲ್ಲ ನಿಮ್ದೇ ತೀರಾ ಕಳಪೆ! ಮೊದ್ಲು ಕಂಠಣ್ಣನ ಧ್ವನಿ ಹೇಗಿರುತ್ತೆ ಅಂತ ಸರಿಯಾಗಿ ಕೇಳಿಸ್ಕೊಂಡು ಬನ್ನಿ, ಆಮೇಲೆ ಅನುಕರಣೆ ಮಾಡೋರಂತೆ!”