ಬಸ್ಸಿನಲ್ಲಿ ಹೋದ ಮಾಡ್ಯೂಲ್

ಸೇನೆಯ ಸ್ಟೋರಿನಲ್ಲಿ ಸಮವಸ್ತ್ರ ಹಂಚಿ ನಿವೃತ್ತನಾದವನು ನಾನು. ತಯಾರಿಕೆ ಒಂದೇ ಕಡೆ, ಹಂಚಿಕೆ ಎಲ್ಲ ಕಡೆ. ಈ ಶಿಸ್ತಿಗೆ ಬಗ್ಗದ ಕೆಲಸವೇ ಇಲ್ಲವೆಂದು ನಂಬಿದ್ದೆ.

ಚಳ್ಳಕೆರೆಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ನನ್ನಾಕೆ ಸೀರೆ ಸೆರಗಿನ ಚಿತ್ರ ಬರೆಯುತ್ತಾಳೆ. ಮೊಳಕಾಲ್ಮುರಿನ ಇಬ್ರಾಹಿಂ ಸಾಬರು ಅದನ್ನು ಕಂಪ್ಯೂಟರ್ ಜೋಡಿಸಿದ ಮಗ್ಗದಲ್ಲಿ ನೇಯಿಸುತ್ತಾರೆ. ಇಲ್ಲಿ ಬರೆದದ್ದು ಅಲ್ಲಿ ತಕ್ಷಣ ಕಾಣಬೇಕೆಂದು, ಎರಡೂ ಕಡೆಗೆ ಸೇರಿ ಒಂದೇ ಉಗ್ರಾಣ ಮಾಡಲು ಹೊರಟೆ. ಅದರ ಹೆಸರು ಕ್ಲಸ್ಟರ್ ಫೈಲ್ ಸಿಸ್ಟಮ್. ಅದು ನಡೆಯಲು ಪ್ರತಿ ಕಂಪ್ಯೂಟರಿನ ಕರ್ನಲ್ಲಿನೊಳಗೆ, ಅಂದರೆ ಇಡೀ ಯಂತ್ರವನ್ನು ಆಳುವ ಮೂಲ ತಂತ್ರಾಂಶದೊಳಗೆ, ಮಾಡ್ಯೂಲ್ ಎಂಬ ಒಂದು ಸಣ್ಣ ತುಣುಕು ಕೂರಬೇಕು.

ಅವಸರವೂ ಇತ್ತು. ನಾದಿನಿಯ ಮಗಳ ಧಾರೆ ಸೀರೆ ಒಡಲು ಮುಗಿದು, ಸೆರಗಿಗಾಗಿ ಮಗ್ಗದ ಮೇಲೆ ಕಾಯುತ್ತಿತ್ತು.

ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ, ಕಂಪ್ಯೂಟರಿಗೆ ಅಪ್‌ಡೇಟ್. ಇದು ನನ್ನ ದಿನಚರಿ. ಎಲ್ಲ ಮುಗಿಸಿ ಮಾಡ್ಯೂಲ್ ತಯಾರಿಸಿ, ಪೆನ್‌ಡ್ರೈವಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಸಾಬರ ಕಂಪ್ಯೂಟರ್ ಅದನ್ನು ಹೊರಗೇ ನಿಲ್ಲಿಸಿತು. ಅದರ ಕರ್ನಲ್ ಹಳೆಯದು. ನನ್ನ ಮಾಡ್ಯೂಲ್ ಹೊಸ ಕರ್ನಲ್ಲಿನ ಅಳತೆಗೆ ಹೊಲಿದದ್ದು.

"ಒಂದು ಸೈಜು ಎಲ್ಲಾರ್ಗೂ ಆಗಲ್ಲೇನ್ರಿ ಸಾರ್?" ಎಂದರು ಸಾಬರು.

"ಶಿಸ್ತು ಇಲ್ದಿದ್ರೆ ಹಿಂಗೇ ಆಗೋದು" ಎಂದು ಅವರ ಕಂಪ್ಯೂಟರಿಗೂ ಅಪ್‌ಡೇಟ್ ಮಾಡಿದೆ. ಆ ಹೊತ್ತಿಗೆ ಇನ್ನೂ ಹೊಸ ಕರ್ನಲ್ ಬಂದಿತ್ತು! ಈಗ ಅದು ನನ್ನ ಮಾಡ್ಯೂಲಿಗಿಂತ ಮುಂದೆ. ಇನ್ನು ಮೇಲೆ ದಿನಾ ನಸುಕಿಗೆ ತಾನಾಗಿಯೇ ಅಪ್‌ಡೇಟ್ ಆಗುವಂತೆ ಆಜ್ಞೆ ಕೊಟ್ಟು, ಹಿಂದಿರುಗಿ ಬಂದು ಅದೇ ಅಳತೆಗೆ ಇನ್ನೊಂದು ತಯಾರಿಸಿದೆ.

ಮರುದಿನ ಮತ್ತೆ ಮೊಳಕಾಲ್ಮುರು. ಸಾಬರ ಕಂಪ್ಯೂಟರ್ ನನ್ನ ಆಜ್ಞೆಯನ್ನು ಶಿರಸಾವಹಿಸಿ, ನಸುಕಿಗೇ ಮತ್ತೊಂದು ಕರ್ನಲ್ ಹಾಕಿಕೊಂಡು ಕೂತಿತ್ತು. ಯಾರು ಯಾರಿಗಿಂತ ಮುಂದೆ, ಯಾರು ಹಿಂದೆ, ನನಗೇ ತಿಳಿಯದಾಯಿತು.

"ಚಾ ಕುಡೀರಿ ಸಾರ್" ಎಂದರು ಸಾಬರು. "ಮಗ್ಗ ಎಲ್ಲೂ ಹೋಗಲ್ಲ. ಮದುವೆ ಮಾತ್ರ ಬರ್ತಾ ಐತೆ."

ಅಷ್ಟರಲ್ಲಿ ನನ್ನಾಕೆಯ ಫೋನು. ನಡೆದದ್ದನ್ನೆಲ್ಲ ವಿವರಿಸಿದೆ.

"ಅಲ್ರೀ, ಆ ಮಾಡ್ಯೂಲ್ ಅಲ್ಲಿಗೆ ಹೆಂಗೆ ಬಂತು?"

"ಪೆನ್‌ಡ್ರೈವ್‌ನಾಗೆ."

"ಅದ್ರಾಗೆ ನನ್ನ ಸೆರಗು ಹಿಡೀತಿರಲಿಲ್ವಾ?"

ಸಾಬರಿಗೂ ಕೇಳಿಸಿತು. ಲೋಟ ಅಡ್ಡ ಹಿಡಿದು ಗೋಡೆ ಕಡೆ ತಿರುಗಿದರು.

ಸೀರೆ ಮುಹೂರ್ತಕ್ಕೆ ತಲುಪಿತು. ಈಗಲೂ ನಮ್ಮ ಎರಡೂ ಊರಿನ ಕಂಪ್ಯೂಟರುಗಳ ನಡುವೆ ಒಂದೇ ಒಂದು ಮಾಡ್ಯೂಲ್ ತಕರಾರಿಲ್ಲದೆ ಓಡಾಡುತ್ತಿದೆ. ಪೆನ್‌ಡ್ರೈವನ್ನು ಜೇಬಿನಲ್ಲಿಟ್ಟುಕೊಂಡು, ಬಸ್ಸಿನ ಕಿಟಕಿ ಪಕ್ಕ ಕೂರುತ್ತದೆ. ಹಿರಿಯ ನಾಗರಿಕರ ರಿಯಾಯಿತಿಯೂ ಇದೆ.