ಅತ್ತೆಯ ಮುಂದಿನ ನಂಬರು

ನಮ್ಮ ಸೋದರತ್ತೆಯಷ್ಟು ಚುನಾವಣೆಯ ಹುಚ್ಚಿರುವ ಹೆಂಗಸು ಇಡೀ ಲೋಕಸಭಾ ಕ್ಷೇತ್ರದಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ, ಸಹಕಾರನಗರದ ನಮ್ಮ ಮನೆಯನ್ನು ನಿಮ್ಮ ಹೆಸರಿಗೆ ಬರೆದುಕೊಡುತ್ತೇನೆ. (ಬಾಡಿಗೆ ಮನೆ, ಧೈರ್ಯವಾಗಿ ಹೇಳಬಹುದು!) ಹಾಗಂತ ಅವಳಿಗೆ ರಾಜಕೀಯ ಗೊತ್ತೇ? ಒಂದಕ್ಷರವೂ ಗೊತ್ತಿಲ್ಲ. ಯಾರಿಗೆ ಓಟು ಹಾಕಿದೆ ಎಂದು ಕೇಳಿದರೆ, "ಯಾವುದೋ ಒಂದು ಒತ್ತಿದೆ ಕಣೋ, ಕುಂಯ್ ಅಂತು, ಬಂದೆ" ಎನ್ನುತ್ತಾಳೆ. ನಗರ ಪಾಲಿಕೆಯ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತಲೇ ಇದೆಯಲ್ಲ, ಅದಕ್ಕೆ ಟಿಕೆಟ್ ಆಕಾಂಕ್ಷಿಗಳೂ ಅತ್ತೆಯಷ್ಟು ನೊಂದಿರಲಾರರು.

ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗಿದ್ದಾಳೆ. ಅವಳ ಓಟು ಮಾತ್ರ ಹಳೇ ಯಲಹಂಕದಲ್ಲೇ ಉಳಿದಿತ್ತು. ಅಲ್ಲಿದ್ದ ಮನೆ ರಸ್ತೆ ಅಗಲ ಮಾಡುವಾಗ ಹೋಯಿತು. ಆ ಜಾಗದಲ್ಲಿ ಈಗ ಬಸ್ಸು ಓಡಾಡುತ್ತದೆ. ಮತದಾರರ ಪಟ್ಟಿಯ ಪ್ರಕಾರ ಅತ್ತೆ ಇನ್ನೂ ಆ ರಸ್ತೆಯ ನಡುವೆಯೇ ಸಂಸಾರ ಮಾಡುತ್ತಿದ್ದಳು.

ಪಟ್ಟಿ ಬಂದ ದಿನವೇ ನನ್ನ ಮೊಬೈಲಿನಲ್ಲಿ ತೆಗೆಸುತ್ತಿದ್ದಳು. "ಇದೆ ಅತ್ತೆ, ನಿನ್ನ ಹೆಸರು. ನಾನೂರ ಹನ್ನೆರಡು" ಎಂದರೆ, "ನಂದಿರಲಿ, ಅದರ ಕೆಳಗಿಂದು ಇದ್ಯಾ ನೋಡು" ಎನ್ನುವಳು. ನಾನೂರ ಹದಿಮೂರು ಇದೆ ಎಂದ ಮೇಲೆಯೇ ಕಾಫಿ ಕುಡಿಯುತ್ತಿದ್ದುದು. ಯಾಕೆಂದು ಕೇಳಿದರೆ "ಸಾಲು ಸರಿಯಾಗಿದ್ಯಾ ಅಂತ ನೋಡ್ದೆ ಅಷ್ಟೆ" ಎಂಬ ಉತ್ತರ. ಚುನಾವಣಾಧಿಕಾರಿಗಳಿಗೂ ಇಷ್ಟು ಕಾಳಜಿ ಇದೆಯೋ ಇಲ್ಲವೋ!

ಮತದಾನದ ದಿನ ರೇಷ್ಮೆ ಸೀರೆ, ಮಲ್ಲಿಗೆ ಹೂವು, ಡಬ್ಬಿ ತುಂಬ ಕೋಡುಬಳೆ. ಬೆಳಿಗ್ಗೆ ಎಂಟಕ್ಕೆ ಆಟೋ ಹತ್ತಿದರೆ ವಾಪಸು ಬರುವುದು ಮಧ್ಯಾಹ್ನ ಎರಡಕ್ಕೆ. "ಸಾಲು ದೊಡ್ಡದಿತ್ತು" ಎಂದು ನಗುತ್ತಾ ಹೇಳುವಳು. ಆರು ಗಂಟೆ ನಿಂತು ಬಂದವರು ಯಾರಾದರೂ ನಗುತ್ತಾರೆಯೇ? ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ಕರುಣೆ ಬಂತು, ಅದೇ ಎಡವಟ್ಟಾಯಿತು.

ಕಳೆದ ಲೋಕಸಭೆ ಚುನಾವಣೆಗೆ ಮುಂಚೆ ಅವಳ ಓಟನ್ನು ಸಹಕಾರನಗರಕ್ಕೆ ಬದಲಾಯಿಸಲು ನಾನೇ ಮೊಬೈಲಿನಲ್ಲಿ ಅರ್ಜಿ ತುಂಬಿದೆ. ಅವಳ ಫೋನಿಗೆ ಒಟಿಪಿ ಬಂತು.

"ಆ ಆರು ಅಂಕಿ ಹೇಳತ್ತೆ."

"ಗ್ಯಾಸ್ ಬುಕ್ ಮಾಡ್ದ್ಯಾ?"

"ಹೂಂ" ಎಂದೆ.

ಹೊಸ ಮತದಾರರ ಚೀಟಿ ಬಂದಾಗ ಬಹುಮಾನ ಕೊಡುವವನ ಹಾಗೆ ಅವಳ ಕೈಗಿಟ್ಟೆ. ಪಕ್ಕದ ಬೀದಿಯ ಶಾಲೆ, ನಡೆದರೆ ಐದು ನಿಮಿಷ! ಅತ್ತೆ ಚೀಟಿಯನ್ನು ಎರಡು ಸಲ ಓದಿ ಕುರ್ಚಿಯ ಮೇಲೆ ಕೂತಳು.

"ಅಲ್ಲಿ ನನ್ನ ಹೆಸರು?"

"ತೆಗೆದುಹಾಕಿರ್ತಾರೆ. ಡಿಲೀಟ್."

"ಸತ್ತೋರ ಹೆಸರಿಗೂ ಹಂಗೇ ಹಾಕ್ತಾರಲ್ವೇನೋ?"

ಆಮೇಲೆ ಎಲ್ಲವನ್ನೂ ಹೇಳಿದಳು. ನಾನೂರ ಹದಿಮೂರು ಎಂದರೆ ಯಲಹಂಕದ ಪಕ್ಕದ ಮನೆಯಾಕೆ, ಅತ್ತೆಯ ಜೀವದ ಗೆಳತಿ. ಎರಡೂ ಮನೆಯ ಗಂಡಸರು ನಡುವಿನ ಒಂದು ಗೋಡೆಗಾಗಿ ಜಗಳವಾಡಿ, ಇನ್ನು ಆ ಮನೆಯ ಹೊಸಿಲು ತುಳಿಯುವುದಿಲ್ಲ, ಹುಡುಕಿಕೊಂಡು ಹೋಗಿ ಮಾತಾಡುವುದಿಲ್ಲ, ಫೋನು ಮಾಡುವುದಿಲ್ಲ ಎಂದು ಹೆಂಡತಿಯರ ಕೈಯಲ್ಲಿ ದೇವರ ಮುಂದೆ ಆಣೆ ಮಾಡಿಸಿದ್ದರು. ಈಗ ಆ ಗೋಡೆಯೂ ಇಲ್ಲ, ಗಂಡಸರೂ ಇಲ್ಲ. ಆಣೆ ಮಾತ್ರ ಗಟ್ಟಿಯಾಗಿದೆ.

"ಸ್ಕೂಲ್ ಹೊಸಿಲು ಅವರದ್ದಲ್ವಲ್ಲ" ಎಂದಳು ಅತ್ತೆ. "ಓಟಿನ ಸಾಲಲ್ಲಿ ಮುಂದೆ ನಿಂತೋರ ಹತ್ರ ಮಾತಾಡಿದ್ರೆ ಯಾವ ದೇವರೂ ಏನೂ ಅನ್ನಲ್ಲ. ಹಿಂದಿನೋರನ್ನೆಲ್ಲ ಮುಂದಕ್ಕೆ ಬಿಡ್ತಾ ನಿಂತಿರ್ತಿದ್ವಿ."

ಐದು ವರ್ಷದಲ್ಲಿ ಎರಡೇ ಸಲ ಭೇಟಿ. ಅದನ್ನು ನಾನು ಒಟಿಪಿ ಹಾಕಿ ಅಳಿಸಿದ್ದೆ. ಆ ದಿನ ನನ್ನ ಮೇಲೆ ನನಗೇ ಬಂದಷ್ಟು ಸಿಟ್ಟು ಬೇರೆ ಯಾರ ಮೇಲೂ ಬಂದಿಲ್ಲ.

ಮತದಾನದ ದಿನ ಪಕ್ಕದ ಶಾಲೆಯಲ್ಲಿ ಅತ್ತೆಯ ಓಟು ನಾಲ್ಕು ನಿಮಿಷದಲ್ಲಿ ಮುಗಿಯಿತು. "ಸಾಲೇ ಇಲ್ವಲ್ಲೋ" ಎಂದು ದೂರುತ್ತಾ ಹೊರಗೆ ಬಂದಳು. ನಾನು ಆಟೋ ನಿಲ್ಲಿಸಿ ಕಾಯುತ್ತಿದ್ದೆ. ಹೆಬ್ಬಾಳದ ಕಡೆಯಿಂದ ಬರುವ ವಾಹನಗಳ ನಡುವೆ ನುಸುಳಿಕೊಂಡು ಯಲಹಂಕ ಮುಟ್ಟಿದೆವು.

ಹಳೆಯ ಶಾಲೆಯ ಗೇಟಿನ ಪಕ್ಕ, ಸಾಲಿನಿಂದ ಆಚೆ, ಕಲ್ಲುಬೆಂಚಿನ ಮೇಲೆ ವಯಸ್ಸಾದ ಹೆಂಗಸೊಬ್ಬರು ಚೀಟಿ ಹಿಡಿದು ಕೂತಿದ್ದರು. ಪಕ್ಕದಲ್ಲಿದ್ದ ಮಗಳು ಯಾರಿಗೋ ಹೇಳುತ್ತಿದ್ದಳು: "ನಾನೂರ ಹನ್ನೆರಡು ಡಿಲೀಟ್ ಆಗಿದೆ ಅಂತ ಏಜೆಂಟ್‌ಗಳು ಹೇಳಿದಾಗಿಂದ ಹಿಂಗೇ ಕೂತಿದ್ದಾರೆ ಕಣ್ರೀ. ಓಟೇ ಬೇಡ್ವಂತೆ."

ಅತ್ತೆ ಹೋಗಿ ಅವರ ಎದುರು ನಿಂತಳು. ಅವರು ತಲೆಯೆತ್ತಿ ನೋಡಿದರು. ಅತ್ತೆ ಎಡಗೈಯ ತೋರುಬೆರಳನ್ನು ಅವರ ಕಣ್ಣ ಮುಂದೆ ಹಿಡಿದಳು.

"ಸತ್ತೋರಿಗೆ ಇಂಕ್ ಹಚ್ತಾರೇನೆ?"

ನಾನು ನಗಲು ಹೋದೆ, ಆಗಲಿಲ್ಲ. ಅವರು ಆ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಳುತ್ತಿದ್ದರು. ಅತ್ತೆ ಬಿಡಿಸಿಕೊಳ್ಳದೆ ಹಾಗೆಯೇ ಪಕ್ಕದಲ್ಲಿ ಕೂತಳು. ಹೆಂಗಸರ ಸಾಲು ಇಬ್ಬರನ್ನೂ ದಾಟಿ ಒಳಗೆ ಹೋಗುತ್ತಿತ್ತು. ಗೆಳತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇನ್ನೊಂದು ಎಲೆಕ್ಷನ್ ತನಕ ನಂಗೆ ಕಾಯಕ್ಕಾಗಲ್ಲ ಕಣೇ."